ಅಡಿವೆವ್ವ ಎಣಿಸದೆ ಬಿಟ್ಟದ್ದು

ಅಡಿವೆವ್ವನಿಗೆ ಎಣಿಸಲು ಬರುವುದಿಲ್ಲ ಎಂದು ನಮ್ಮೂರಿನ ಬಹಳ ಜನ ನಂಬಿದ್ದಾರೆ. ಶುದ್ಧ ಸುಳ್ಳು. ಹತ್ತು ಹೆಂಗಸರು ಜೋಳ ಕೊಯ್ದು ಕಟ್ಟಿದ ಸಿವುಡುಗಳನ್ನು ಬದುವಿನ ಮೇಲೆ ನಿಂತೇ ನೋಡಿ ಇಷ್ಟು ಎಂದು ಹೇಳುವವಳು ಅವಳು. ಆಮೇಲೆ ಯಾರು ಮುಟ್ಟಿ ಎಣಿಸಿದರೂ ಒಂದೆರಡಕ್ಕಿಂತ ಹೆಚ್ಚುಕಡಿಮೆ ಬಂದದ್ದಿಲ್ಲ. ಅವಳು ಎಣಿಸದೆ ಬಿಡುವುದು ಬೇರೆಯವನ್ನು. ಜೀವವಿರುವುದನ್ನು, ಅದರಲ್ಲೂ ತನ್ನದು ಎಂದುಕೊಂಡದ್ದನ್ನು ಎಣಿಸುವುದಿಲ್ಲ. ನಿನ್ನ ಆಡು ಎಷ್ಟು ಮರಿ ಹಾಕಿತು ಎಂದು ಕೇಳಿ ನೋಡಿ. "ಎಲ್ಲೀದು ಬಿಡ್ರಿ, ಏನೂ ಇಲ್ಲ" ಅನ್ನುತ್ತಾಳೆ. ಆಗ ಎರಡು ಮರಿ ಅವಳ ಹಿಂದೆಯೇ ನಿಂತು ಸೀರೆಯ ಅಂಚು ಜಗಿಯುತ್ತಿರುತ್ತವೆ.

ನಾನು ಅಜ್ಜಪ್ಪ. ಮೂವತ್ತೊಂದು ವರ್ಷ ಕೃಷಿ ಸಹಾಯಕನಾಗಿದ್ದು ನಿವೃತ್ತನಾದವನು. ಊರವರು ಇನ್ನೂ ಸಾಹೇಬ್ರು ಎನ್ನುತ್ತಾರೆ, ನಾನೂ ಬೇಡ ಎಂದಿಲ್ಲ. ಇದು ಅಡಿವೆವ್ವನ ಬದುಕಿನ ಕಥೆ. ಇದರಲ್ಲಿ ನನ್ನ ಹೆಸರು ಬರದೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಬರುತ್ತದೆ.

ಗಜೇಂದ್ರಗಡದ ಗುಡ್ಡ ಇಳಿದು ರೋಣದ ಕಡೆ ಹೊರಟರೆ ಗುಡ್ಡ ಮುಗಿಯುವಲ್ಲಿ ನಮ್ಮೂರು. ಊರಿನ ಮೇಲಕ್ಕೆ ಕಲ್ಲು ಮತ್ತು ಹುಲ್ಲು, ಕೆಳಕ್ಕೆ ಕಣ್ಣು ಹೋದಷ್ಟು ದೂರ ಎರೆಹೊಲ. ಇವೆರಡರ ನಡುವೆ ಊರ ದನ ಮೇಯುವ ಗಾಯರಾಣ. ಅಲ್ಲಿ ಐದಾರು ಕರಿಜಾಲಿ ಗಿಡಗಳಿದ್ದವು. ಒಂದು ದೊಡ್ಡದು, ನೆತ್ತಿ ಚಪ್ಪಟೆ. ಈ ಕಥೆ ಆ ಗಿಡದ್ದು ಕೂಡ.

ಅಡಿವೆವ್ವ ಈ ಊರಿಗೆ ಸೊಸೆಯಾಗಿ ಬಂದಾಗ ಹದಿನೇಳು ವರ್ಷ. ಗಂಡ ಸಣ್ಣಪ್ಪ ಕೂಲಿ ಮಾಡುತ್ತಿದ್ದ, ಬಾಯಿ ದೊಡ್ಡದು, ಮನಸ್ಸು ಒಳ್ಳೆಯದು. ಮೊದಲ ಕೂಸು ಹುಟ್ಟಿದಾಗ ಓಣಿಗೆಲ್ಲ ಬೆಲ್ಲ ಹಂಚಿದ. ಕೂಸು ಹನ್ನೊಂದು ದಿನಕ್ಕೆ ಹೋಯಿತು. ಎರಡನೆಯದಕ್ಕೆ ಸಕ್ಕರೆ ಹಂಚಿದ, ಅದು ತಿಂಗಳು ತುಂಬಲಿಲ್ಲ. ಮೂರನೆಯದು ಹುಟ್ಟಿದ ದಿನ ಏನೂ ಹಂಚಲಿಲ್ಲ. ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿದರು. ಬೇರೆ ಓಣಿಯ ಮುದುಕಿಯೊಬ್ಬಳು, "ಯಾರೋ ಬಿಟ್ಟು ಹೋಗ್ಯಾರವ್ವಾ ಇದನ್ನ" ಎಂದು ಎತ್ತಿಕೊಂಡು ಬಂದು, ಒಂದು ಮೊರ ಜೋಳ ತೆಗೆದುಕೊಂಡು ಕೂಸನ್ನು ಅಡಿವೆವ್ವನಿಗೆ ಮಾರಿದಳು. ಕೂಸು ಇವಳದ್ದಲ್ಲ, ಕೊಂಡು ತಂದದ್ದು. ಅಂದಮೇಲೆ ಯಾವ ಕಣ್ಣು ತಾಗಬೇಕು? ಕಪ್ಪಗಿದ್ದಾನೆ ಎಂದು ಕರೆಪ್ಪ ಅಂತ ಕರೆದರು. ಅವನು ಬದುಕಿದ.

ಬದುಕಿದ್ದೇ ತಡ, ಅಡಿವೆವ್ವ ಅವನನ್ನು ಜಗತ್ತಿನಿಂದ ಅಡಗಿಸಿಬಿಟ್ಟಳು. ಜನಗಣತಿಯವರು ಬಂದು ಮಕ್ಕಳೆಷ್ಟು ಎಂದರೆ ಇಲ್ಲ. ಲಸಿಕೆಯವರು ಕೇಳಿದರೆ ಇಲ್ಲ. ರೇಷನ್ ಕಾರ್ಡಿನವರು ಬಂದರೂ ಅದೇ, "ಏನೂ ಇಲ್ರಿ, ನಾವಿಬ್ಬರ." ಹೀಗೆ ಕರೆಪ್ಪ ಆರು ವರ್ಷ ಯಾವ ಕಾಗದದಲ್ಲೂ ಹುಟ್ಟಲೇ ಇಲ್ಲ. ಸಾಲಿಗೆ ಹಾಕುವಾಗ ಮಾಸ್ತರರು ಕಾರ್ಡು ತಾ ಎಂದರು. ಅವಳು ನನ್ನ ಬಾಗಿಲಿಗೆ ಬಂದು ನಿಂತಳು. ಆಗ ಸಣ್ಣಪ್ಪ ಇರಲಿಲ್ಲ. ಅದಕ್ಕೂ ಮೂರು ವರ್ಷ ಹಿಂದೆ ಜೋಳದ ಹೊಲದಲ್ಲಿ ಹಾವು ಕಚ್ಚಿ, ದವಾಖಾನಿ ಮುಟ್ಟುವ ಮೊದಲೇ ತೀರಿಕೊಂಡಿದ್ದ.

"ಮಗನ ಹೆಸರ ಬರಸ್ಬೇಕ್ರಿ ಸಾಹೇಬ್ರ."

"ಬರಸೂಣು. ಮಕ್ಕಳೆಷ್ಟು ಅಂತ ಕೇಳ್ತಾರ. ಏನಂತ ಹೇಳ್ತಿ?"

"ನಾ ಹೇಳೂದಿಲ್ರಿ. ನಾ ಇಲ್ಲ ಅಂತೀನಿ. ನೀವು ಖರೇ ಬರೀರಿ."

ನನಗೆ ನಗು ಬಂತು. ಆದರೂ ಮೂರು ಸಲ ರೋಣಕ್ಕೆ ಬಸ್ಸು ಹತ್ತಿ ಹೋದೆ. ತಾಲೂಕು ಕಚೇರಿಯಲ್ಲಿ ಅವಳು ಗುಮಾಸ್ತನ ಮುಂದೆ ನಿಂತು "ಇಲ್ರಿ" ಎಂದಳು. ಪಕ್ಕದಲ್ಲಿ ನಿಂತ ನಾನು "ಒಬ್ಬ ಮಗ, ಹೆಸರು ಕರೆಪ್ಪ" ಎಂದು ಬರೆದುಕೊಟ್ಟೆ. ಗುಮಾಸ್ತ ನಮ್ಮಿಬ್ಬರ ಮುಖ ನೋಡಿ, ಈ ಊರಿನ ನೀರೇ ಸರಿಯಿಲ್ಲ ಎಂದ. ಅವತ್ತು ನನಗೆ ಒಂದು ಸಂಗತಿ ಗೊತ್ತಾಯಿತು. ಅಡಿವೆವ್ವ ಇಲ್ಲ ಎಂದರೆ ಇದೆ. ಬಾಯಿಂದ ಹೇಳುವುದು ಅವಳ ಕೆಲಸವಲ್ಲ, ಬರೆಯುವುದು ನನ್ನ ಕೆಲಸ. ಈ ಮಾತನ್ನು ದಯವಿಟ್ಟು ನೆನಪಿಡಿ. ನಾನು ಮರೆತೆ ಎಂದು ಹೇಳಿಕೊಳ್ಳಲು ನೋಡಿದ್ದೇನೆ, ಆಗಿಲ್ಲ.

ಸಣ್ಣಪ್ಪ ಸತ್ತ ಮೇಲೆ ಅಡಿವೆವ್ವ ಒಂದು ತಿಂಗಳು ಹೊಲಕ್ಕೆ ಕಾಲಿಡಲಿಲ್ಲ. ಹೊಟ್ಟೆ ಕೇಳಬೇಕಲ್ಲ, ಆಮೇಲೆ ಇಟ್ಟಳು. ಮೊದಲ ದಿನವೇ ಗಾಯರಾಣದ ಮೇಲೆ ಒಂದು ದೊಡ್ಡ ಹದ್ದು ಗಾಳಿಯಲ್ಲಿ ನಿಂತಲ್ಲೇ ನಿಂತಿತ್ತಂತೆ. ದಪ್ಪ ತಲೆ, ಬಿಳಿ ಹೊಟ್ಟೆ, ಹಳದಿ ಕಣ್ಣು. ನಿಂತದ್ದು ಕಲ್ಲು ಬಿದ್ದ ಹಾಗೆ ಕೆಳಗಿಳಿದು, ಎದ್ದಾಗ ಅದರ ಕಾಲಲ್ಲಿ ಹಾವು. ಹಾರುತ್ತ ಹಾರುತ್ತಲೇ ತಲೆಯ ಕಡೆಯಿಂದ ನುಂಗಿತು, ಬಾಲ ಮಾತ್ರ ಬಾಯಿಂದ ಹೊರಗೆ ಜೋತಾಡುತ್ತಿತ್ತು. ಹಾಗೇ ಹೋಗಿ ಕರಿಜಾಲಿಯ ನೆತ್ತಿಯ ಮೇಲೆ ಇಳಿಯಿತು. ಅಲ್ಲಿದ್ದ ಮರಿ ಆ ಬಾಲ ಹಿಡಿದು ಜಗ್ಗಿ, ತಂದೆಯ ಗಂಟಲಿನಿಂದ ಇಡೀ ಹಾವನ್ನು ಹೊರಗೆಳೆದು ತಿಂದಿತು. ಇದನ್ನೆಲ್ಲ ಅವಳು ನನ್ನ ಹೆಂಡತಿ ನೀಲವ್ವನಿಗೆ ಕಡಲೆ ಕೇರುತ್ತ ಹೇಳಿದಳು. ಹೇಳುವಾಗ ಗೂಡು ಎನ್ನಲಿಲ್ಲ, ಮರಿ ಎನ್ನಲಿಲ್ಲ. "ಅಲ್ಲಿ ಏನೋ ಇತ್ತವ್ವಾ, ಅದು ಜಗ್ಗಿತು" ಎಂದಳು. ಅಷ್ಟರಲ್ಲಿ ನಮಗೆ ಎಲ್ಲ ಗೊತ್ತಾಯಿತು.

ಆ ಹಾವಿನ ಹದ್ದು ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಹೋದರೆ ಹೋಯಿತು, ಆ ವರ್ಷ ಇನ್ನೊಂದಿಲ್ಲ. ಹಾಗಾಗಿ ಎಳ್ಳಮಾಸೆಯಿಂದ ಯುಗಾದಿಯವರೆಗೆ ಅಡಿವೆವ್ವ ಆ ಗಿಡದ ಕೆಳಗೆ ಹಾಯುತ್ತಿರಲಿಲ್ಲ. ಹೊಲಕ್ಕೆ ಹೋಗುವಾಗ ಹಳ್ಳದ ದಂಡೆ ಹಿಡಿದು ಸುತ್ತಿ ಹೋಗುತ್ತಿದ್ದಳು, ಜೊತೆಗಿದ್ದ ಹೆಂಗಸರನ್ನೂ ಸುತ್ತಿಸುತ್ತಿದ್ದಳು. ಎಳ್ಳಮಾಸೆಯ ದಿನ ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ ಮುಗಿಸಿದ ಮೇಲೆ ಕೊನೆಯ ಹಿಡಿಯನ್ನು ಗಿಡದ ಕಡೆಗೆ ಬೆನ್ನು ಮಾಡಿ ಹಿಂದಕ್ಕೆ ಎಸೆಯುತ್ತಿದ್ದಳು. ಅವಳು ಹಳ್ಳದ ದಾರಿ ಹಿಡಿದಳೆಂದರೆ ಗಿಡದ ಮೇಲೆ ಮೊಟ್ಟೆ ಇದೆ ಎಂದೇ ಅರ್ಥ. ಅವಳ ಬಾಯಿಗಿಂತ ಅವಳ ಕಾಲು ಹೆಚ್ಚು ಖರೇ ಹೇಳುತ್ತಿತ್ತು.

ಆಗೆಲ್ಲ ಅವಳ ದುಡಿಮೆ ಊರಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲೇ ಇತ್ತು. ಮಳೆಗಾಲಕ್ಕೆ ಕಳೆ, ಚಳಿಗಾಲಕ್ಕೆ ಕಡಲೆ, ಆಮೇಲೆ ಜೋಳ. ಹದ್ದಿನ ದುಡಿಮೆಯೂ ಅಷ್ಟರಲ್ಲೇ. ಹೊಲಕ್ಕೊಂದು ದಪ್ಪ ಬದು, ಬದುವಿನಲ್ಲಿ ಹುಲ್ಲು, ಹುಲ್ಲಿನ ಬುಡದಲ್ಲಿ ಇಲಿಯ ಬಿಲ, ಇಲಿಯ ಹಿಂದೆ ಹಾವು. ಎಲ್ಲಕ್ಕೂ ಊಟ ಹತ್ತಿರದಲ್ಲೇ ಸಿಗುತ್ತಿತ್ತು.

ಅದನ್ನು ಕೆಡಿಸಿದವರಲ್ಲಿ ನಾನೂ ಒಬ್ಬ. ಕಳೆನಾಶಕ ಬಂದಾಗ ರೈತರ ಸಭೆ ಕರೆದು ಡಬ್ಬಿ ಎತ್ತಿ ತೋರಿಸಿದವನು ನಾನು. ಇಪ್ಪತ್ತು ಹೆಂಗಸರ ಕೆಲಸವನ್ನು ಈ ಒಂದು ಡಬ್ಬಿ ಒಂದು ಮುಂಜಾನೆಯಲ್ಲಿ ಮಾಡುತ್ತದೆ ಎಂದು ಎದೆಯುಬ್ಬಿಸಿ ಹೇಳಿದೆ. ಆ ಇಪ್ಪತ್ತರಲ್ಲಿ ಒಬ್ಬಳು ಅಡಿವೆವ್ವ. ಅವತ್ತು ಸಭೆಗೆ ಚಹಾ ತಂದುಕೊಟ್ಟವಳೂ ಅವಳೇ. ಇಲಿಗೆ ಪಾಷಾಣ ಇಡಿ ಎಂದೆ, ಇಟ್ಟರು. ಬದು ಹೆರೆದರೆ ನಾಲ್ಕು ಸಾಲು ಹೆಚ್ಚು ಬಿತ್ತಬಹುದು ಎಂದು ಜನರೇ ಲೆಕ್ಕ ಹಾಕಿ ಜೆಸಿಬಿ ಹಚ್ಚಿದರು. ನಾನು ಬೇಡ ಎನ್ನಲಿಲ್ಲ. ಹತ್ತು ವರ್ಷದಲ್ಲಿ ಊರ ಸುತ್ತ ಕಳೆಯೂ ಇಲ್ಲ, ಬದುವೂ ಇಲ್ಲ, ಹೆಂಗಸರಿಗೆ ಕೆಲಸವೂ ಇಲ್ಲ.

ಕರೆಪ್ಪ ಅಷ್ಟರಲ್ಲಿ ದೊಡ್ಡವನಾಗಿ ಒಂದು ಟಂಟಂ ಗಾಡಿ ಓಡಿಸುತ್ತಿದ್ದ. ಮುಂಜಾನೆ ಐದಕ್ಕೆ ತಾಯಿಯನ್ನೂ ಓಣಿಯ ಹೆಂಗಸರನ್ನೂ ತುಂಬಿಕೊಂಡು ಕೆಲಸ ಇದ್ದಲ್ಲಿಗೆ ಹೋಗುವನು. ಮೊದಲು ರೋಣದ ಸುತ್ತ, ಆಮೇಲೆ ಚಿಕ್ಕನರಗುಂದ, ಆಮೇಲೆ ಹೊಳೆಯ ದಂಡೆಯ ಕೊಣ್ಣೂರು. ಹೋಗುತ್ತ ಎರಡು ತಾಸು, ಬರುತ್ತ ಎರಡು ತಾಸು. ಹೀಗೆ ಹೋದಲ್ಲಿ ಒಂದು ದಿನ ರೋಣದಾಚೆಯ ಕಡಲೆ ಹೊಲದ ಮೇಲೆ ಅವಳು ತಲೆ ಎತ್ತಿ ನೋಡಿದರೆ ನಮ್ಮೂರಿನ ಹದ್ದು. ಅದರ ಎಡರೆಕ್ಕೆಯ ಒಂದು ಗರಿ ಪ್ರತಿ ಸಲವೂ ಸೊಟ್ಟಗೇ ಬೆಳೆಯುತ್ತಿತ್ತು. ಅದಕ್ಕೆ ಅವಳಿಟ್ಟ ಹೆಸರೇ ಸೊಟ್ಟ. ಗೂಡಿನ ಕಾಲ ಮುಗಿದ ಮೇಲೆ ಒಮ್ಮೆ ಕೊಣ್ಣೂರಿನಲ್ಲೂ ಕಂಡಿತಂತೆ. ನೀಲವ್ವನ ಮುಂದೆ ಹೇಳಿ ನಕ್ಕಳು, "ಅದೂ ನಮ್ಹಂಗ ಆಗೇತವ್ವಾ. ಊರಾಗ ಹೊಟ್ಟಿ ತುಂಬವಲ್ದು, ಕೂಲಿ ಹುಡಿಕ್ಕೊಂಡು ಹೊಂಟೈತಿ." ನೀಲವ್ವ ನಗಲಿಲ್ಲ. ನಾನು ಪೇಪರು ಅಡ್ಡ ಹಿಡಿದೆ.

ಮೂರು ವರ್ಷದ ಹಿಂದಿನ ಜನವರಿಯಲ್ಲಿ ಯಶೋಧರಾ ಎಂಬ ಹುಡುಗಿ ನಮ್ಮೂರಿಗೆ ಬಂದಳು. ಮೈಸೂರಿನ ಕಡೆಯವಳು, ಹದ್ದು ಗಿಡುಗಗಳ ಬಗ್ಗೆ ಓದಿದವಳು. ಗುಡ್ಡದ ಮೇಲೆ ಹೊಸ ಗಾಳಿಫ್ಯಾನುಗಳನ್ನು ನಿಲ್ಲಿಸುವುದಿತ್ತು. ಅವುಗಳ ರೆಕ್ಕೆ ಎಷ್ಟು ಉದ್ದವೆಂದರೆ ಹೊತ್ತು ತರುವ ಲಾರಿ ನಮ್ಮೂರ ರಸ್ತೆಯ ತಿರುವಿನಲ್ಲಿ ಹೊರಳುವುದಿಲ್ಲ. ಹೊಸ ರಸ್ತೆ ಬೇಕು. ರಸ್ತೆ ಹಾಯುವಲ್ಲಿ ಬೇಟೆಹಕ್ಕಿಯ ಗೂಡು ಇದೆಯೋ ಇಲ್ಲವೋ ನೋಡಿ ಬರೆದುಕೊಡಲು ಅವಳನ್ನು ಕಳಿಸಿದ್ದರು. ಅವಳಿಗೆ ನಮ್ಮ ಮಾತು ಅರ್ಧ ತಿಳಿಯುತ್ತಿರಲಿಲ್ಲ. ಊರಲ್ಲಿ ಓದುಬರಹ ಬಲ್ಲವನು, ಮೇಲಾಗಿ ಬಿಡುವಾಗಿ ಕೂತವನು ಎಂದು ನನ್ನನ್ನು ಜೊತೆಗೆ ಹಾಕಿದರು.

ಹುಡುಗಿ ಒಳ್ಳೆಯವಳು, ಇದನ್ನು ಹೇಳಲೇಬೇಕು. ನಮ್ಮ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಒಂದು ನಕ್ಷೆ ತೋರಿಸಿದಳು. ಬೇರೆಲ್ಲೋ ಎರಡು ಹದ್ದುಗಳ ಬೆನ್ನಿಗೆ ಸಣ್ಣ ಯಂತ್ರ ಕಟ್ಟಿ, ಅವು ಹಾರಿದಲ್ಲೆಲ್ಲ ಗೆರೆ ಎಳೆದಿದ್ದರಂತೆ. ಹುಲ್ಲು, ಬದು, ಬೀಳು ಇರುವಲ್ಲಿನ ಹದ್ದಿನ ಗೆರೆಗಳು ಒಂದು ಬುಟ್ಟಿಯಷ್ಟು ಜಾಗದಲ್ಲಿ ಒತ್ತಾಗಿದ್ದವು. ಉಳುಮೆ ಒತ್ತಿಕೊಂಡು ಬಂದಲ್ಲಿನ ಹದ್ದಿನ ಗೆರೆಗಳು ಪರದೆಯ ಆಚೆಗೂ ಹರಡಿದ್ದವು. "ಊಟ ಸಿಗದಿದ್ದಷ್ಟೂ ಅವು ದೂರ ಹೋಗಬೇಕು. ಅಷ್ಟು ದೂರ ಹೋಗಿ ಬರುವಷ್ಟರಲ್ಲಿ ಮರಿ ಸಾಯೋದೂ ಉಂಟು. ಆದರೂ ಹಳೇ ಗೂಡಿನ ಮರ ಬಿಡಲ್ಲ" ಎಂದಳು.

ನಮ್ಮ ಅಂಗಳ ಗುಡಿಸುತ್ತಿದ್ದ ಅಡಿವೆವ್ವ ಪೊರಕೆ ನಿಲ್ಲಿಸಿ ಕೇಳುತ್ತಿದ್ದಳು. "ಇದನ್ನ ತಿಳಕೊಳ್ಳಾಕ ಅದರ ಬೆನ್ನಿಗೆ ಮಷೀನ ಯಾಕ ಕಟ್ಟಬೇಕ ತಂಗೀ? ನಮ್ಮ ಕರೆಪ್ಪನ ಟಂಟಂ ಎಲ್ಲೆಲ್ಲಿ ಹೋಗತೈತಿ ಅಂತ ಬರಕೋ. ಅದೂ ಅಲ್ಲೇ ಇರತೈತಿ."

ಯಶೋಧರಾ ಇದನ್ನು ನಿಜವಾಗಿಯೂ ಬರೆದುಕೊಂಡಳು. ಊರಲ್ಲಿ ಯಾರನ್ನು ಕೇಳಿದರೂ ಹದ್ದಿನ ಸುದ್ದಿ ಅಡಿವೆವ್ವನಿಗೆ ಗೊತ್ತು ಎಂದೇ ಹೇಳಿದ್ದರು. ಮರುದಿನ ಗಾಯರಾಣದಲ್ಲಿ ಅವಳ ಹೇಳಿಕೆ ತೆಗೆದುಕೊಳ್ಳುವುದೆಂದು ಮಾತಾಯಿತು. ಹತ್ತಿರ ಹೋಗಿ ನೋಡುವ ಹಾಗಿಲ್ಲ, ತಾಯಿಹದ್ದು ಎದ್ದುಹೋದರೆ ಮೊಟ್ಟೆ ಬಿಸಿಲಿಗೆ ಕೆಡುತ್ತದೆ, ಚಪ್ಪಟೆ ನೆತ್ತಿಯ ಮೇಲಿನ ಗೂಡು ದೂರದಿಂದ ಕಾಣುವುದಿಲ್ಲ. ಅದಕ್ಕೆ ಊರವರ ಮಾತೇ ಆಧಾರ. ಗೂಡು ಇದೆ ಎಂದು ಒಬ್ಬರು ಹೇಳಿದರೂ ಸಾಕು, ಹುಡುಗಿ ಎಂಟು ದಿನ ದೂರದಲ್ಲಿ ಕೂತು ಕಾದು ಖಾತ್ರಿ ಮಾಡಿಕೊಳ್ಳುತ್ತಾಳೆ, ರಸ್ತೆ ಬೇರೆ ಕಡೆ ತಿರುಗುತ್ತದೆ. ಇಲ್ಲ ಎಂದರೆ ರಸ್ತೆ ಕರಿಜಾಲಿಯ ಮೇಲೆಯೇ.

ಇದನ್ನೆಲ್ಲ ನಾನೇ ಅಡಿವೆವ್ವನಿಗೆ ಬಿಡಿಸಿ ಹೇಳಿದೆ. ಅವಳು ಗಮನವಿಟ್ಟು ಕೇಳಿದಳು.

"ಗಿಡ ಉಳಿತೈತ್ರಿ ಹಂಗಾರ?"

"ಗೂಡು ಐತಿ ಅಂತ ಕಾಗದದಾಗ ಬಂದ್ರ ಉಳಿತೈತಿ."

"ಬರಿಯಾವ್ರು ನೀವ ಅಲ್ಲೇನ್ರಿ?"

"ನಾನ."

"ಹಂಗಾರ ಆತು ಬಿಡ್ರಿ" ಎಂದು ನಿರಾಳವಾಗಿ ಪೊರಕೆ ಎತ್ತಿಕೊಂಡಳು.

ಮರುದಿನ ಕೂಲಿಗೆ ಹೋಗದೆ, ಒಗೆದ ಸೀರೆ ಉಟ್ಟು ಬಂದಳು. ಗಾಯರಾಣಕ್ಕೆ ಹಳ್ಳದ ದಂಡೆ ಸುತ್ತಿ ಬಂದಳು. ನಾನು ನೋಡಿದೆ. ಯಶೋಧರಾ ಕಾಗದ ನನ್ನ ಕೈಗೆ ಕೊಟ್ಟು, ದೂರದ ಜಾಲಿಗಳ ಕಡೆ ಕೈಮಾಡಿ ಕೇಳಿದಳು, "ಅಮ್ಮಾ, ಆ ಮರಗಳಲ್ಲಿ ಯಾವುದರಲ್ಲಾದರೂ ಈ ವರ್ಷ ಹದ್ದು ಗೂಡು ಕಟ್ಟಿದೆಯಾ? ಮೊಟ್ಟೆ, ಮರಿ ಏನಾದರೂ?"

ಅಡಿವೆವ್ವ ನನ್ನ ಮುಖ ನೋಡಿದಳು. ಆಮೇಲೆ ಗಿಡಕ್ಕೆ ಬೆನ್ನು ಮಾಡಿ ನಿಂತು ಹೇಳಿದಳು, "ಏನೂ ಇಲ್ಲವ್ವಾ. ಒಂದೂ ಇಲ್ಲ. ಹಾಳ ಗಿಡ ಅವು." ಹೇಳಿ ಮತ್ತೆ ನನ್ನ ಮುಖ ನೋಡಿದಳು.

ಯಶೋಧರಾಳ ಮುಖ ಸಣ್ಣದಾಯಿತು. "ಅಜ್ಜಪ್ಪ ಸರ್, ಇವರಿಗೆ ನಾನು ಕೇಳಿದ್ದು ಅರ್ಥ ಆಯ್ತಾ? ಸರಿಯಾಗಿ ಗೊತ್ತಿದ್ದೇ ಹೇಳ್ತಿದ್ದಾರಾ?"

ತಾಲೂಕು ಕಚೇರಿಯ ಗುಮಾಸ್ತನ ಮುಂದೆ ಆಗ ಏನು ಮಾಡಿದೆನೋ ಈಗಲೂ ಅಷ್ಟೇ ಮಾಡಬೇಕಿತ್ತು. ಒಂದು ಸಾಲು. ನಾನು ಬರೆದದ್ದು ಇದು: "ಸದರಿ ಜಾಗದಲ್ಲಿ ಯಾವುದೇ ಹದ್ದಿನ ಗೂಡು ಇರುವುದಿಲ್ಲವೆಂದು ಹೇಳಿರುತ್ತಾರೆ." ಬಾಯಲ್ಲಿ, "ತಿಳದೈತ್ರಿ ಮೇಡಂ, ಆಕಿಗೆ ಗೊತ್ತಿಲ್ಲದ್ದು ಏನೂ ಇಲ್ಲ" ಎಂದೆ. ಅಡಿವೆವ್ವ ಹೆಬ್ಬೆಟ್ಟು ಒತ್ತಿದಳು. ಒತ್ತುವಾಗ ಮುಖದಲ್ಲಿ ಒಂದು ಸಣ್ಣ ನಗು ಇತ್ತು. ತಾನು ಕಣ್ಣು ತಾಗದ ಹಾಗೆ ಮಾತಾಡಿದೆ, ಸಾಹೇಬ್ರು ಖರೇ ಬರೆದರು, ಗಿಡ ಉಳಿಯಿತು ಎಂಬ ನಗು.

ಯಾಕೆ ಹಾಗೆ ಬರೆದೆ? ಹಿಂದಿನ ಸಂಜೆ ಅಡಿವೆವ್ವ ಹೋದ ಮೇಲೆ ಕಟ್ಟೆಯಲ್ಲಿ ಹುಡುಗಿ ಇನ್ನೊಂದು ನಕ್ಷೆಯನ್ನೂ ಬಿಡಿಸಿದ್ದಳು. ರಸ್ತೆಗೆ ಎರಡು ದಾರಿ. ಒಂದು ಗಾಯರಾಣದಲ್ಲಿ, ಕರಿಜಾಲಿಯ ಮೇಲೆ. ಅದು ಆಗದಿದ್ದರೆ ಇನ್ನೊಂದು ಹೊಲಗಳ ನಡುವೆ. ಆ ಎರಡನೆಯ ಗೆರೆ ನನ್ನ ನಾಲ್ಕು ಎಕರೆಯನ್ನು ನಟ್ಟನಡುವೆ ಸೀಳಿಕೊಂಡು ಹೋಗಿತ್ತು. ಸರ್ವೆ ನಂಬರು ಎರಡು ಸಲ ಓದಿದೆ, ಕನ್ನಡಕ ಒರೆಸಿ ಮತ್ತೊಮ್ಮೆ ಓದಿದೆ. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ. ಮೈಮೇಲೆ ದೆವ್ವ ಬಂದಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ನಾನು ಸುಳ್ಳು ಬರೆದಿಲ್ಲ, ಅವಳು ಹೇಳಿದ್ದನ್ನೇ ಬರೆದೆ ಎಂದು ನನಗೆ ನಾನೇ ಹೇಳಿಕೊಂಡೆ. ಮನುಷ್ಯ ತನ್ನ ಹೊಲ ಉಳಿಸಿಕೊಳ್ಳಲು ಎಷ್ಟು ಚೆಂದದ ನ್ಯಾಯ ಕಟ್ಟುತ್ತಾನೆ ನೋಡಿ.

ಮಾರ್ಚ್ ಎರಡನೆಯ ವಾರ ಜೆಸಿಬಿ ಬಂತು. ಅವತ್ತು ಅಡಿವೆವ್ವ ಗೋದಿ ಕೊಯ್ಯಲು ಕೊಣ್ಣೂರಿಗೆ ಹೋಗಿದ್ದಳು. ನನ್ನ ಕಡಲೆ ಅಷ್ಟರಲ್ಲಿ ರಾಶಿಯಾಗಿ ಮನೆ ಸೇರಿತ್ತು. ಆದರೂ ಹೊಲಕ್ಕೆ ಹೋಗಿ ನಿಂತಿದ್ದೆ, ಯಾಕೆ ಎಂದು ನನಗೂ ಗೊತ್ತಿಲ್ಲ. ಸಣ್ಣ ಗಿಡಗಳು ಒಂದೊಂದು ದೂಕಿಗೆ ಬಿದ್ದವು. ದೊಡ್ಡ ಜಾಲಿಗೆ ಕಾಲು ತಾಸೂ ಹಿಡಿಯಲಿಲ್ಲ. ತಾಯಿಹದ್ದು ಕೊನೆಯ ಗಳಿಗೆಯವರೆಗೂ ನೆತ್ತಿ ಬಿಡಲಿಲ್ಲ, ಬುಡ ಅಲುಗಾಡಿದಾಗ ಎದ್ದು ಒಂದು ಸುತ್ತು ಸುತ್ತಿ ಗುಡ್ಡದ ಕಡೆ ಹೋಯಿತು. ಗಿಡ ಬಿತ್ತು. ಧೂಳು ಕೂತ ಮೇಲೆ ಗಾಡಿಯವನು ಇಳಿದು ಕೊಂಬೆಯ ನಡುವೆ ಏನನ್ನೋ ಕಾಲಿನಿಂದ ಸರಿಸಿ, ಮತ್ತೆ ಹತ್ತಿ ಕೂತ.

ಸ್ವಲ್ಪ ಹೊತ್ತಿಗೆ ರೋಣದ ದಿಕ್ಕಿನಿಂದ ಸೊಟ್ಟ ಬಂತು. ಅಷ್ಟು ದೂರದಿಂದ ತಂದ ಹಾವಿನ ಬಾಲ ಅದರ ಬಾಯಿಂದ ಜೋತಾಡುತ್ತಿತ್ತು. ನೇರ ಬಂದದ್ದು ಗಿಡ ಇದ್ದ ಜಾಗದ ಮೇಲೆ ಇಳಿಯಲು ಕಾಲು ಚಾಚಿತು. ಕೆಳಗೆ ಏನೂ ಇರಲಿಲ್ಲ. ಮೇಲೆದ್ದು ಸುತ್ತಿ ಬಂದು ಮತ್ತೆ ಕಾಲು ಚಾಚಿತು. ಹೀಗೆ ಎಷ್ಟು ಸಲ ಎಂದು ನಾನು ಎಣಿಸಲಿಲ್ಲ, ಎಣಿಸಲಾಗಲಿಲ್ಲ. ಮಧ್ಯಾಹ್ನದವರೆಗೂ ಆ ಬಾಲ ಬಾಯಲ್ಲೇ ಇತ್ತು. ಜಗ್ಗುವವರು ಯಾರೂ ಇರಲಿಲ್ಲ. ನಾನು ಮನೆಗೆ ಬಂದೆ. ನೀಲವ್ವ ತಾಟಿಗೆ ರೊಟ್ಟಿ ಹಾಕಿದಳು, ಉಂಡೆ. ನಾಚಿಕೆಯಾಗುತ್ತದೆ, ಆದರೆ ಉಂಡೆ.

ಮರುದಿನ ಹೊತ್ತೇರುವ ಮೊದಲೇ ಅಡಿವೆವ್ವ ನಮ್ಮ ಬಾಗಿಲಿಗೆ ಬಂದಳು. ಕಂಕುಳಲ್ಲಿ ಬುಟ್ಟಿ, ಬುಟ್ಟಿಯ ಮೇಲೆ ಸೆರಗು. ಎಂದಿನಂತೆ ಅಂಗಳದಲ್ಲಿ ನಿಲ್ಲದೆ ಕಟ್ಟೆ ಹತ್ತಿ ಬಂದು, ಬುಟ್ಟಿಯನ್ನು ನನ್ನ ಕುರ್ಚಿಯ ಮುಂದಿಟ್ಟು ಸೆರಗು ತೆಗೆದಳು. ಅರ್ಧ ಬಿಳಿ ತುಪ್ಪಳ, ಅರ್ಧ ಕಂದು ಗರಿ. ಹಳದಿ ಕಣ್ಣು ಮುಚ್ಚಿರಲಿಲ್ಲ. ಇರುವೆ ಹತ್ತಿದ್ದವು.

"ಒಂದಿತ್ರಿ ಸಾಹೇಬ್ರ" ಎಂದಳು. ಜೀವಮಾನದಲ್ಲಿ ಅವಳ ಬಾಯಿಂದ ಆ ಲೆಕ್ಕ ನಾನು ಕೇಳಿದ್ದು ಅದೇ ಮೊದಲು. "ಈಗ ಹೇಳಾಕ ಏನೂ ಅಂಜಿಕಿ ಇಲ್ಲ. ಒಂದಿತ್ತು."

ನಾನು ಏನೋ ಹೇಳಲು ಬಾಯಿ ತೆರೆದೆ. ನೀನೇ ಇಲ್ಲ ಅಂದಿದ್ದೆಯಲ್ಲ ಎಂದು ಹೇಳಲು ಹೊರಟಿದ್ದೆ. ಎಂಥ ಬಾಯಿ ನನ್ನದು.

ಅವಳೇ ಹೇಳಿದಳು. "ನಾ ಇಲ್ಲ ಅಂದೆ. ಕರೆಪ್ಪನ ಹೊತ್ತಿನ್ಯಾಗೂ ಇಲ್ಲ ಅಂದಿದ್ದೆ. ಆವಾಗ ನನ್ನ ಮಾತ ಬಿಟ್ಟು ಖರೇ ಬರದ್ರಿ. ಮೂರ ಸಲ ರೋಣಕ್ಕ ಅಡ್ಡಾಡಿದ್ರಿ. ನಾ ಹೇಳಬಾರ್ದು, ನೀವು ಬರೀಬೇಕು, ಹಂಗ ಅಲ್ಲೇನ್ರಿ ನಮ್ಮದು? ಈ ಸಲ ಯಾಕ ನಾ ಹೇಳಿದ್ದ ಬರದ್ರಿ?"

ಒಳಬಾಗಿಲಲ್ಲಿ ನೀಲವ್ವ ನಿಂತಿದ್ದಳು. ಅವಳೂ ನನ್ನ ಉತ್ತರಕ್ಕೆ ಕಾದಿದ್ದಳು. ಕಟ್ಟೆಯಿಂದ ನೋಡಿದರೆ ನನ್ನ ಹೊಲ ಕಾಣುತ್ತದೆ. ಅಡಿವೆವ್ವ ನನ್ನ ಕಣ್ಣು ಹೋದ ಕಡೆ ತಾನೂ ತಿರುಗಿ ನೋಡಿದಳು. ಈ ಕಡೆ ಬಿಳಿ ಸುಣ್ಣದ ಗೆರೆ ಎಳೆದ ಗಾಯರಾಣ, ಆ ಕಡೆ ಒಂದು ಹೆಂಟೆಯೂ ಅಲುಗಾಡದ ನನ್ನ ನಾಲ್ಕು ಎಕರೆ. ಹೊಲದಲ್ಲೇ ಬದುಕು ಸವೆಸಿದವಳಿಗೆ ಅದನ್ನು ಓದಲು ಅಕ್ಷರ ಬೇಕಿರಲಿಲ್ಲ. "ಹೂಂ" ಎಂದಳು. ಬುಟ್ಟಿ ಎತ್ತಿಕೊಂಡು ಇಳಿದು ಹೋದಳು. ಅವತ್ತಿನಿಂದ ನಮ್ಮ ಅಂಗಳಕ್ಕೆ ಬಂದಿಲ್ಲ.

ಬೈದಿದ್ದರೆ ಬದುಕುತ್ತಿದ್ದೆ. ಬೈಸಿಕೊಂಡದ್ದು ಅವಳು. ಕೆಲ ದಿನಕ್ಕೆ, ಯಾರೋ ತೆಗೆದ ಸತ್ತ ಮರಿಯ ಫೋಟೋ ಎಲ್ಲೋ ಹೋಗಿ, ಗೂಡಿದ್ದ ಗಿಡ ಕಡಿದರೆಂದು ಗದ್ದಲವಾಯಿತು. ಯಶೋಧರಾ ಅಳುತ್ತ ಫೋನು ಮಾಡಿದಳು, ನಾನು ಎತ್ತಲಿಲ್ಲ. ರಸ್ತೆಯವರು ಕಾಗದ ತೆಗೆದು ತೋರಿಸಿದರು. ಕಾಗದದ ಕೆಳಗೆ ಹೆಬ್ಬೆಟ್ಟು, ಹೆಬ್ಬೆಟ್ಟಿನ ಕೆಳಗೆ ಅಡಿವೆವ್ವನ ಹೆಸರು. ಅಲ್ಲಿಗೆ ಗದ್ದಲ ಮುಗಿಯಿತು. "ಎಲ್ಲಾ ಗೊತ್ತಿದ್ದಾಕಿ ನೀನ ಇಲ್ಲ ಅಂದಿಯಂತಲ್ಲಬೇ, ಏನ ಕೊಟ್ರು ನಿನಗ?" ಎಂದು ಟಂಟಂನಲ್ಲಿ 'ಅವ್ವಾ' ಎನ್ನುತ್ತಿದ್ದ ಹೆಂಗಸರೇ ಕೇಳಿದರು. ಕರೆಪ್ಪನೂ ತಾಯಿಯ ಮೇಲೆ ರೇಗಿದನಂತೆ. ಬರೆದವರು ಯಾರು, ಅವರಿಗೆ ಏನು ಗೊತ್ತಿತ್ತು ಎಂದು ಅವಳು ಒಂದು ಮಾತು ಆಡಿದ್ದರೆ ಊರು ನನ್ನ ಕಡೆ ತಿರುಗುತ್ತಿತ್ತು. ಆಡಲಿಲ್ಲ. ನನ್ನ ಮರ್ಯಾದೆ ಉಳಿಸಲೆಂದು ಸುಮ್ಮನಿದ್ದಳೆಂದು ದಯವಿಟ್ಟು ತಿಳಿಯಬೇಡಿ. ನನ್ನ ಹೆಸರು ಬಾಯಲ್ಲಿ ಬರುವುದೇ ಅವಳಿಗೆ ಬೇಡವಾಗಿತ್ತು.

ಆ ವರ್ಷ ರೆಕ್ಕೆ ಹೊತ್ತ ಲಾರಿಗಳು ಹೋದವು. ಮುಂದಿನ ಜನವರಿಗೆ ಸೊಟ್ಟ ಬಂತು. ಗಿಡ ಇದ್ದ ಜಾಗದ ಮೇಲೆ ಎರಡು ದಿನ ಸುತ್ತಿತು, ಆಮೇಲೆ ನರಗುಂದದ ದಿಕ್ಕಿಗೆ ಹೋದದ್ದು ತಿರುಗಿ ಬರಲಿಲ್ಲ. ಅದರ ಗೆರೆ ಈಗ ಎಲ್ಲಿ ಹರಡಿದೆಯೋ ಬಲ್ಲವರಿಲ್ಲ. ಅಡಿವೆವ್ವ ಈಗ ಹಳ್ಳದ ದಂಡೆ ಸುತ್ತುವುದಿಲ್ಲ, ನೇರ ಆ ರಸ್ತೆಯ ಮೇಲೆಯೇ ನಡೆಯುತ್ತಾಳೆ.

ಮೊನ್ನೆ ಮನೆಮನೆ ಸಮೀಕ್ಷೆಗೆಂದು ಸಾಲಿಯ ಮಾಸ್ತರ ಬಂದಿದ್ದ. ಹೊಸಬ, ಓಣಿ ತಿಳಿಯದು. ಮನೆ ತೋರಿಸಲು ನನ್ನನ್ನು ಕರೆದುಕೊಂಡ. ಅಡಿವೆವ್ವನ ಮನೆಯ ಮುಂದೆ ನಾನು ಹಿಂದೆ ಸರಿದು ನಿಂತೆ. ಅವಳು ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು.

"ಮನ್ಯಾಗ ಎಷ್ಟ ಮಂದಿ ಇದ್ದೀರಿ ಯವ್ವಾ?"

ಈಗ ಇಲ್ಲ ಅನ್ನುತ್ತಾಳೆ, ನಾನು ಮುಂದೆ ಹೋಗಿ ಖರೇ ಬರೆಸುತ್ತೇನೆ, ಈ ಸಲ ಬರೆಸಿಯೇ ತೀರುತ್ತೇನೆ ಎಂದು ಹೆಜ್ಜೆ ಎತ್ತಿದ್ದೆ.

ಅವಳು ಮೊರ ಕೆಳಗಿಟ್ಟು, ಕೈ ಎತ್ತಿ, ಓಣಿಗೆಲ್ಲ ಕೇಳುವ ಹಾಗೆ ಒಂದೊಂದೇ ಬೆರಳು ಮಡಚಿದಳು. "ಮಗ ಕರೆಪ್ಪ, ಒಂದು. ಸೊಸಿ, ಎರಡು. ಮೊಮ್ಮಗ, ಮೂರು. ಮೊಮ್ಮಗಳು, ನಾಕು. ನಾನು, ಐದು." ಒಳಗಿನಿಂದ ಸೊಸೆ "ಅತ್ತೀ, ಹಂಗ್ಯಾಕ ಎಣಸ್ತೀರಿ" ಎಂದು ಗಾಬರಿಯಿಂದ ಓಡಿಬಂದು ಎರಡೂ ಕೂಸುಗಳನ್ನು ಸೆರಗಿನೊಳಗೆ ಸೆಳೆದುಕೊಂಡಳು. ಅಡಿವೆವ್ವ ಅವಳ ಕಡೆ ನೋಡಲಿಲ್ಲ.

"ಬರಕೊಂಡ್ರೇನ್ರಿ? ಏನ ಬರದ್ರಿ ಓದಿ ಹೇಳ್ರಿ."

"ಐದು ಅಂತ ಬರದೀನಿ ಯವ್ವಾ" ಎಂದು ಮಾಸ್ತರ ಓದಿದ.

"ಇನ್ನೊಮ್ಮೆ ಓದ್ರಿ" ಎಂದಳು.

ಮಾಸ್ತರ ಇನ್ನೊಮ್ಮೆ ಓದಿದ. ಖಾತ್ರಿಗೆ ಇರಲಿ ಎಂದು ಹಿಂದೆ ತಿರುಗಿ, "ಸಾಹೇಬ್ರ, ಬರೋಬ್ಬರಿ ಐತೆಲ್ರಿ?" ಎಂದು ನನ್ನನ್ನು ಕೇಳಿದ.

"ಅವರನ್ನ ಯಾಕ ಕೇಳ್ತೀರಿ?" ಎಂದು ಅಡಿವೆವ್ವ ಮೊರ ಎತ್ತಿಕೊಂಡಳು.